ಚಳಿಗಾಲದಲ್ಲಿ ಟ್ರಿಪ್ ಆಗುವ ಮನೆ: ಮೊದಲು ಗಡಿಯಾರ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ

ಚಳಿ ಹಿಡಿದ ಮೊದಲ ವಾರದಲ್ಲೇ ಮನೆಯ ವಿದ್ಯುತ್ ತಕರಾರುಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತವೆ. ಗೀಸರ್ ಹಾಕಿದರೆ ಮನೆಯೆಲ್ಲ ಕತ್ತಲು, ಹೀಟರ್ ಹಾಕಿದ ಮೇಲೆ ಎಲ್ಲಿಂದಲೋ ಸುಟ್ಟ ವಾಸನೆ, ಬೆಳಗಿನ ಜಾವ ಯಾರೂ ಏನೂ ಮುಟ್ಟದಿದ್ದರೂ ಸ್ವಿಚ್ ಬಿದ್ದಿರುವುದು. ಇವುಗಳಲ್ಲಿ ಚಳಿಯೇ ಹುಟ್ಟಿಸಿದ ದೋಷಗಳು ಕೆಲವೇ. ದೀಪ, ಫ್ಯಾನು, ಟಿವಿಗೆಂದು ಎರಡು ಮೂರು ಆಂಪಿಯರ್ ಹರಿಯುತ್ತಿದ್ದ ತಂತಿಯಲ್ಲಿ ಈಗ ಹದಿನೈದಿಪ್ಪತ್ತು ಆಂಪಿಯರ್ ಗಂಟೆಗಟ್ಟಲೆ ಹರಿಯುತ್ತದೆ. ಸಡಿಲ ಸ್ಕ್ರೂ, ಸವೆದ ಸಾಕೆಟ್, ತೇವ ಹಿಡಿದ ಕಾಯಿಲ್ ಎಲ್ಲವೂ ಮೊದಲಿನಿಂದ ಇದ್ದವೇ. ಲೋಡ್ ಬಿದ್ದಾಗ ಬಯಲಾಗುತ್ತವೆ, ಅಷ್ಟೆ.

ಇಂಥ ಹೊತ್ತಿನಲ್ಲಿ ಸುಲಭವಾಗಿ ಸಿಗುವ ಸಲಹೆ ಒಂದೇ: ‘ಎಂಸಿಬಿ ಹಳೆಯದಾಗಿದೆ, ದೊಡ್ಡದು ಹಾಕಿಸಿಬಿಡಿ.’ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಬಿದ್ದು (ಟ್ರಿಪ್ ಆಗಿ) ಪೂರೈಕೆ ಕಡಿಯುವ ಸ್ವಿಚ್, ಇರುವುದು ಗೋಡೆಯೊಳಗಿನ ತಂತಿಯನ್ನು ಕಾಯಲು. 16 ಆಂಪಿಯರ್‌ನದನ್ನು ತೆಗೆದು 32ರದ್ದು ಕೂರಿಸಿದರೆ ಟ್ರಿಪ್ ಆಗುವುದು ನಿಲ್ಲುತ್ತದೆ ನಿಜ, ಇನ್ನು ಮುಂದೆ ಬಿಸಿಯೇರುವುದು ತಂತಿಯೇ.

ಇಲ್ಲಿನ ಲೆಕ್ಕಗಳೆಲ್ಲ 230 ವೋಲ್ಟ್ ಪೂರೈಕೆಯ ಮನೆಗೆ ಹೊಂದುವಂಥವು. ಡಿಬಿಯ (ಎಂಸಿಬಿಗಳಿರುವ ವಿತರಣಾ ಪೆಟ್ಟಿಗೆಯ) ಮುಚ್ಚಳ ಬಿಚ್ಚುವುದು, ತಂತಿಗೆ ಕೈ ಹಾಕುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಆದರೆ ಅವರನ್ನು ಕರೆಯುವ ಮೊದಲು ಮನೆಯವರೇ ಮಾಡಬಹುದಾದ ಪತ್ತೆ ಕೆಲಸ ಬೇಕಾದಷ್ಟಿದೆ. ‘ಕರೆಂಟ್ ಹೋಗಿ ಹೋಗಿ ಬರುತ್ತದೆ’ ಎಂದು ಕರೆದರೆ ಅವರು ಇಡೀ ಮನೆ ಜಾಲಾಡಬೇಕು. ‘ಗೀಸರ್ ಹಾಕಿದ ಅರ್ಧ ಗಂಟೆಗೆ ಆರ್‌ಸಿಸಿಬಿ ಬೀಳುತ್ತದೆ, ಪ್ಲಗ್ ಕಿತ್ತರೆ ನಿಲ್ಲುತ್ತದೆ’ ಎಂದರೆ ನೇರವಾಗಿ ಅಲ್ಲಿಗೇ ಹೋಗುತ್ತಾರೆ (ಆರ್‌ಸಿಸಿಬಿ ಎಂದರೆ ಕರೆಂಟ್ ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್).

ಬಿದ್ದದ್ದು ಯಾವುದು, ಎಷ್ಟು ಹೊತ್ತಿಗೆ

ಡಿಬಿಯಲ್ಲಿ ಸಾಲಾಗಿ ಕೂತಿರುವ ಕಿರಿದಾದವು ಎಂಸಿಬಿಗಳು. ಅವುಗಳಿಗಿಂತ ಅಗಲವಾಗಿ, ‘ಟೆಸ್ಟ್’ ಗುಂಡಿಯೊಂದಿಗೆ, 30 ಮಿಲಿಆಂಪಿಯರ್ ಎಂದು ಬರೆದಿರುವುದು ಆರ್‌ಸಿಸಿಬಿ. ಎಂಸಿಬಿ ನೋಡುವುದು ಕರೆಂಟ್ ಮಿತಿ ಮೀರಿತೇ ಎಂದು. ಆರ್‌ಸಿಸಿಬಿ ನೋಡುವುದು ಫೇಸ್‌ನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು. ಬರಲಿಲ್ಲವೆಂದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂದು ಅದು ಬೀಳುತ್ತದೆ. ಒಂದಕ್ಕೆ ಗೊತ್ತಾಗುವುದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಗಾಬರಿಯಲ್ಲಿ ಎಲ್ಲವನ್ನೂ ಮೇಲೆತ್ತುವ ಮೊದಲು ಬಿದ್ದಿರುವುದು ಯಾವುದು ಎಂದು ನೋಡಿಕೊಳ್ಳಿ.

ಎರಡನೆಯ ಪ್ರಶ್ನೆ ಹೊತ್ತಿನದು. ಎಂಸಿಬಿಯೊಳಗೆ ಎರಡು ವ್ಯವಸ್ಥೆಗಳಿವೆ. ಭಾರೀ ಕರೆಂಟ್ ನುಗ್ಗಿದರೆ ಕ್ಷಣದಲ್ಲೇ ಕಡಿಯುವ ಕಾಂತದ ಸುರುಳಿ ಒಂದು. ನಿಧಾನವಾಗಿ ಬಿಸಿಯಾಗಿ ಬಾಗಿ ಕಡಿಯುವ ಎರಡು ಲೋಹಗಳ ಪಟ್ಟಿ ಇನ್ನೊಂದು. ತಕ್ಷಣ ಬಿದ್ದರೆ ಕೆಲಸ ಮಾಡಿದ್ದು ಸುರುಳಿ, ತಡವಾಗಿ ಬಿದ್ದರೆ ಪಟ್ಟಿ. ದೋಷವೂ ಅದಕ್ಕೆ ತಕ್ಕಂತೆ ಬೇರೆ.

ಒತ್ತಿದ ಕ್ಷಣವೇ ಎಂಸಿಬಿ ಬಿದ್ದರೆ

ಶಾರ್ಟ್ ಸರ್ಕ್ಯೂಟ್ ಎಂದೇ ತಿಳಿಯಿರಿ. ಸಿ ವರ್ಗದ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ ಅದರ ಮೇಲೆ ಬರೆದ ಅಂಕಿಯ ಐದರಿಂದ ಹತ್ತು ಪಟ್ಟು ಕರೆಂಟ್ ಹರಿಯಬೇಕು. ಅಂದರೆ ಸಿ16 ಆದರೆ 80ರಿಂದ 160 ಆಂಪಿಯರ್. 2000 ವ್ಯಾಟ್‌ನ ಹೀಟರ್ ತೆಗೆದುಕೊಳ್ಳುವುದು 8.7 ಆಂಪಿಯರ್ ಮಾತ್ರ. ಪಂಪಿನ ಮೋಟಾರಿನಂತೆ ಶುರುವಾಗುವಾಗ ಎಳೆಯುವ ಸ್ವಭಾವವೂ ಅದಕ್ಕಿಲ್ಲ. ಪ್ಲಗ್ ಕಿತ್ತು ಎಂಸಿಬಿಯನ್ನು ಒಂದೇ ಒಂದು ಸಲ ಮೇಲೆತ್ತಿ. ನಿಂತರೆ ದೋಷ ಉಪಕರಣದ್ದು, ಅದರಲ್ಲೂ ಹೆಚ್ಚಾಗಿ ವೈರಿನದು. ವರ್ಷವಿಡೀ ಮಡಿಸಿಟ್ಟ ಪಿವಿಸಿ ಹೊದಿಕೆ ಚಳಿಗೆ ಇನ್ನಷ್ಟು ಸೆಡೆತು, ಹೀಟರಿನ ಒಳಕ್ಕೆ ಹೋಗುವ ಜಾಗದಲ್ಲಿ ಬಗ್ಗಿಸಿದಾಗ ಬಿರಿದಿರುತ್ತದೆ. ಪ್ಲಗ್ ಕಿತ್ತ ಮೇಲೂ ಬಿದ್ದರೆ ದೋಷ ಗೋಡೆಯೊಳಗೆ. ಆ ಎಂಸಿಬಿಯನ್ನು ಕೆಳಗೇ ಬಿಟ್ಟು ಎಲೆಕ್ಟ್ರಿಷಿಯನ್‌ಗೆ ಕರೆ ಮಾಡಿ. ಪದೇ ಪದೇ ಎತ್ತಿ ನೋಡುವುದರಿಂದ ಯಾವ ಹೊಸ ಮಾಹಿತಿಯೂ ಸಿಗುವುದಿಲ್ಲ.

ಹೊತ್ತು ಬಿಟ್ಟು ಎಂಸಿಬಿ ಬಿದ್ದರೆ

ಇದು ಲೋಡ್ ಹೆಚ್ಚಾದ ಲಕ್ಷಣ. ಕೂಡಿ ನೋಡಿದರೆ ತಿಳಿಯುತ್ತದೆ: ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಆಂಪಿಯರ್. ಒಂದೇ ಸರ್ಕ್ಯೂಟಿನಲ್ಲಿ 2000 ವ್ಯಾಟ್‌ನ ಗೀಸರ್, 2000 ವ್ಯಾಟ್‌ನ ಹೀಟರ್ ಸೇರಿದರೆ 17.4 ಆಂಪಿಯರ್. ಜೊತೆಗೆ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಹಾಕಿದರೆ 21.7.

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. 16 ಎಂದು ಬರೆದ ಎಂಸಿಬಿ 16.1ಕ್ಕೆ ಬೀಳುವುದಿಲ್ಲ. ಮನೆಬಳಕೆಯ ಎಂಸಿಬಿಗಳ ಮಾನದಂಡದ ಪ್ರಕಾರ ಬರೆದ ಅಂಕಿಯ 1.13 ಪಟ್ಟು, ಅಂದರೆ ಸುಮಾರು 18 ಆಂಪಿಯರ್ ಹರಿದರೂ ಒಂದು ಗಂಟೆಯವರೆಗೆ ಅದು ಬೀಳಕೂಡದು, 1.45 ಪಟ್ಟು, ಅಂದರೆ 23.2 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವಿನದು ಅದರ ಇಷ್ಟ. ಈ ಅಂಕಿಗಳೂ ಸುತ್ತಲಿನ ಉಷ್ಣಾಂಶ 30 ಡಿಗ್ರಿ ಇದ್ದಾಗಿನವು. ಡಿಬಿ ತಣ್ಣನೆಯ ವರಾಂಡದಲ್ಲಿದ್ದರೆ ಲೋಹದ ಪಟ್ಟಿ ಬಿಸಿಯಾಗಲು ಇನ್ನಷ್ಟು ಹೊತ್ತು ಹಿಡಿಯುತ್ತದೆ, ಎಂಸಿಬಿ ತನ್ನ ಅಂಕಿಗಿಂತ ಹೆಚ್ಚಿನದನ್ನೇ ಬಿಟ್ಟುಕೊಡುತ್ತದೆ. ಅದೇ ತಂತಿ ಮುಂದೆ ಬೆಚ್ಚನೆಯ ಕೋಣೆಯ ಚಾವಣಿಯಲ್ಲಿ, ಶಾಖ ತಡೆಯುವ ಹೊದಿಕೆಯಡಿ ಹಾದುಹೋಗುತ್ತಿದ್ದರೆ ಕಾಯುವ ಪಟ್ಟಿ ತಣ್ಣಗೆ, ಅದು ಕಾಪಾಡಬೇಕಾದ ತಂತಿ ಬಿಸಿ. ‘ಎಂಸಿಬಿ ಬೀಳಲಿಲ್ಲ, ಆದ್ದರಿಂದ ಎಲ್ಲ ಸರಿ’ ಎಂಬ ತರ್ಕ ನಿಲ್ಲದಿರುವುದು ಇದಕ್ಕೇ.

ಪರಿಹಾರ ಎರಡೇ. ಗೀಸರಿಗೆ ಡಿಬಿಯಿಂದ ಪ್ರತ್ಯೇಕ ತಂತಿ, ಅದಕ್ಕೆ ಪ್ರತ್ಯೇಕ ಎಂಸಿಬಿ. ಅದು ಆಗುವವರೆಗೆ ಒಂದಾದ ಮೇಲೊಂದು ಹಾಕುವ ಶಿಸ್ತು. ಲೆಕ್ಕದಲ್ಲಿ ಲೋಡ್ ಕಡಿಮೆಯೇ ಇದ್ದೂ ಎಂಸಿಬಿ ಬೀಳುತ್ತಿದ್ದರೆ ಮಾತ್ರ ಎಂಸಿಬಿಯ ಮೇಲೆ ಅನುಮಾನ ಪಡಿ. ಅಲ್ಲೂ ಅದರ ಟರ್ಮಿನಲ್ ಸ್ಕ್ರೂ ಸಡಿಲವಾಗಿ, ಆ ಬಿಸಿ ಒಳಗಿನ ಪಟ್ಟಿಗೆ ತಾಗಿ ಬೀಳುತ್ತಿರುವ ಸಾಧ್ಯತೆಯೇ ಹೆಚ್ಚು.

ಆರ್‌ಸಿಸಿಬಿ ಬಿದ್ದರೆ

ಚಳಿಗಾಲದ ದೂರುಗಳಲ್ಲಿ ತಲೆ ಕೆಡಿಸುವುದು ಇದೇ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅಷ್ಟು ಸೋರಲು ದೊಡ್ಡ ಅನಾಹುತವೇನೂ ಬೇಕಿಲ್ಲ, ತುಸು ತೇವ ಸಾಕು.

ಹುಡುಕುವ ಕ್ರಮ ಹೀಗೆ. ಎಂಸಿಬಿಗಳನ್ನೆಲ್ಲ ಕೆಳಗೆ ಮಾಡಿ ಆರ್‌ಸಿಸಿಬಿಯನ್ನು ಮೇಲೆತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತ ಬನ್ನಿ. ಯಾವುದಕ್ಕೆ ಬಿತ್ತೋ ಆ ಸರ್ಕ್ಯೂಟಿನ ಪ್ಲಗ್‌ಗಳನ್ನೆಲ್ಲ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು: ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ, ಕಾಯಿಲ್‌ನ ನ್ಯೂಟ್ರಲ್ ತುದಿಯಲ್ಲಿ ಸೋರಿಕೆ ಇದ್ದರೆ ಸ್ವಿಚ್ ಆರಿದ್ದರೂ ಆರ್‌ಸಿಸಿಬಿ ಬೀಳಬಹುದು. ಪ್ಲಗ್ ಕಿತ್ತ ಮೇಲೆ ನಿಂತರೆ ಒಂದೊಂದೇ ಉಪಕರಣ ಸಿಕ್ಕಿಸಿ ನೋಡಿ.

ಋತುವಿನ ಮೊದಲ ಸಲ ಹಾಕಿದಾಗಲೇ ಬೀಳುವ ಗೀಸರ್ ಅಥವಾ ಹೀಟರ್ ಆದರೆ ಕಾರಣ ಬಹುಮಟ್ಟಿಗೆ ಎಲಿಮೆಂಟಿನೊಳಗೆ, ಅಂದರೆ ಬಿಸಿ ಮಾಡುವ ಕಾಯಿಲ್‌ನೊಳಗೆ, ಸೇರಿದ ತೇವ. ಲೋಹದ ಕೊಳವೆಯೊಳಗೆ ನಿಕ್ರೋಮ್ ತಂತಿ, ಅದರ ಸುತ್ತ ಗಟ್ಟಿಯಾಗಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಎಲಿಮೆಂಟ್ ಎಂದರೆ ಇಷ್ಟೆ. ಈ ಪುಡಿ ತೇವ ಹೀರುವಂಥದ್ದು. ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದರೆ ತುದಿಯ ಸೀಲಿನಿಂದ ತೇವಾಂಶ ಒಳಸೇರಿ ನಿರೋಧಕ ಶಕ್ತಿ ಕುಸಿಯುತ್ತದೆ. ಮಲ್ಟಿಮೀಟರ್‌ನಲ್ಲಿ ಇದು ಎಷ್ಟೋ ಸಲ ಸಿಕ್ಕುವುದಿಲ್ಲ, ಏಕೆಂದರೆ ಅದು ಪರೀಕ್ಷಿಸುವುದು ಕೆಲವೇ ವೋಲ್ಟ್‌ನಲ್ಲಿ. 500 ವೋಲ್ಟ್‌ನ ಮೆಗ್ಗರ್‌ನಿಂದ (ನಿರೋಧಕ ಶಕ್ತಿ ಅಳೆಯುವ ಮೀಟರಿನಿಂದ) ಎಲಿಮೆಂಟ್ ತುದಿಗೂ ಅದರ ಲೋಹದ ಮೈಗೂ ನಡುವೆ ಅಳೆಯಬೇಕು. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಅದನ್ನು ಬಳಸುವಂತಿಲ್ಲ. ಎಲಿಮೆಂಟ್ ತೆಗೆದು ಒಣಗಿಸಿದರೆ ಕೆಲವು ಸುಧಾರಿಸುತ್ತವೆ. ಕೊಳವೆಯ ಮೇಲೆ ಸುಣ್ಣ ಕಟ್ಟಿ, ಎಲ್ಲೋ ಕೂದಲೆಳೆಯಷ್ಟು ಬಿರುಕು ಕಂಡರೆ ಬದಲಿಸುವುದೇ ಸರಿ. ‘ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಒಂದು ಗಂಟೆ ಓಡಿಸಿ, ತಾನೇ ಒಣಗುತ್ತದೆ’ ಎನ್ನುವವರಿದ್ದಾರೆ. ಆ ಒಂದು ಗಂಟೆ ಗೀಸರಿನ ಮೈಯೂ ನಲ್ಲಿಯ ನೀರೂ ಯಾವ ಸ್ಥಿತಿಯಲ್ಲಿರುತ್ತವೆ ಎಂದು ಅವರನ್ನೇ ಕೇಳಿ.

ಗೀಸರ್ ಹಾಕಿದ ತಕ್ಷಣ ಬೀಳದೆ ನೀರು ಬಿಸಿಯಾದ ಮೇಲೆ ಬೀಳುತ್ತಿದ್ದರೆ, ಬಿಸಿಗೆ ಹಿಗ್ಗಿದಾಗ ಬಾಯಿ ಬಿಡುವ ಬಿರುಕು ಅಥವಾ ಟರ್ಮಿನಲ್‌ಗಳ ಮೇಲೆ ಹನಿಯುವ ವಾಷರ್ ಇರಬೇಕು. ಗೀಸರಿನ ಕೆಳಮುಚ್ಚಳದ ಅಂಚಿನಲ್ಲಿ ತುಕ್ಕಿನ ಗೆರೆ ಕಂಡರೆ ಎರಡನೆಯದೇ.

ಬೆಳಗಿನ ಜಾವ ಬಿದ್ದು ಮಧ್ಯಾಹ್ನ ತಾನಾಗಿ ಸರಿಹೋಗುವುದು ಬೇರೆಯದೇ ಕಥೆ. ಅದು ಮನೆಯ ಹೊರಗಿನ ಪೆಟ್ಟಿಗೆಗಳದ್ದು: ಗೇಟಿನ ದೀಪ, ಪಂಪಿನ ಸ್ಟಾರ್ಟರ್, ತಾರಸಿಯ ಸಾಕೆಟ್. ಒಳಗಿನ ಬೆಚ್ಚನೆಯ ಗಾಳಿ ಕಾಂಡ್ಯೂಟ್ ಪೈಪಿನ ಮೂಲಕ ಹೊರಗಿನ ತಣ್ಣನೆಯ ಪೆಟ್ಟಿಗೆಗೆ ಹೋಗಿ, ಅಲ್ಲಿ ನೀರಹನಿಯಾಗಿ ಕೂರುತ್ತದೆ. ಬಿಸಿಲೇರಿದಂತೆ ಆರುತ್ತದೆ. ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್‌ಗೆ ಏನೂ ಸಿಗುವುದಿಲ್ಲ, ಮನೆಯವರು ಸುಳ್ಳು ಹೇಳಿದಂತಾಗುತ್ತದೆ. ಬಿದ್ದಾಗಲೇ ಮೇಲಿನ ಕ್ರಮದಲ್ಲಿ ಸರ್ಕ್ಯೂಟ್ ಗುರುತಿಸಿಡಿ. ಕಾಂಡ್ಯೂಟಿನ ಬಾಯನ್ನು ಪುಟ್ಟಿಯಿಂದ ಮುಚ್ಚಿಸಿ, ಪೆಟ್ಟಿಗೆಯ ತಳದಲ್ಲಿ ನೀರು ಇಳಿಯಲು ಚಿಕ್ಕ ರಂಧ್ರ ಇರುವಂತೆ ನೋಡಿಕೊಂಡರೆ ಮುಗಿಯಿತು.

ಇನ್ನೊಂದು ಬಗೆಯಿದೆ: ಯಾವ ಕೋಣೆಯಲ್ಲಿ ದೊಡ್ಡ ಲೋಡ್ ಹಾಕಿದರೂ ಆರ್‌ಸಿಸಿಬಿ ಬೀಳುತ್ತದೆ, ಆ ಉಪಕರಣಗಳೆಲ್ಲ ಬೇರೆ ಮನೆಯಲ್ಲಿ ಸರಿಯಾಗಿಯೇ ಓಡುತ್ತವೆ. ಇದು ಎಲ್ಲೋ ನ್ಯೂಟ್ರಲ್ ತಂತಿ ಅರ್ಥಿಂಗ್‌ಗೆ ತಾಗಿದ ಲಕ್ಷಣ. ಲೋಡ್ ಹೆಚ್ಚಿದಾಗ ವಾಪಸು ಬರುವ ಕರೆಂಟಿನ ಒಂದು ಪಾಲು ಅರ್ಥಿಂಗ್ ದಾರಿ ಹಿಡಿಯುತ್ತದೆ. ಯಾವುದನ್ನು ಹಾಕಿದಾಗ ಆರ್‌ಸಿಸಿಬಿ ಬಿತ್ತೋ ಆ ಉಪಕರಣ ಇಲ್ಲಿ ನಿರಪರಾಧಿ. ಒಂಟಿ ಪೋಲಿನ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲವಾದ್ದರಿಂದ ಎಂಸಿಬಿ ಇಳಿಸಿ ಹುಡುಕುವ ಕ್ರಮವೂ ಇಲ್ಲಿ ಸೋಲುತ್ತದೆ. ಡಿಬಿಯ ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ತಂತಿ ಬಿಡಿಸಿ ನೋಡಬೇಕು, ಅದು ಎಲೆಕ್ಟ್ರಿಷಿಯನ್ ಕೆಲಸ. ಹೊಸ ಸ್ವಿಚ್ ಬೋರ್ಡ್ ಕೂರಿಸಿದ, ಗೋಡೆಗೆ ಮೊಳೆ ಹೊಡೆದ ನೆನಪಿದ್ದರೆ ಆ ಜಾಗವನ್ನು ಮೊದಲು ತೋರಿಸಿ.

ಏನೂ ಬೀಳುವುದಿಲ್ಲ, ಆದರೆ ಪ್ಲಗ್ ಸುಡುತ್ತದೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ದೋಷ ಇದು. ಸಡಿಲ ಸಂಪರ್ಕದಲ್ಲಿ ಕರೆಂಟ್ ಹೆಚ್ಚುವುದಿಲ್ಲ, ಆದ್ದರಿಂದ ಎಂಸಿಬಿ ಬೀಳುವುದಿಲ್ಲ. ನೆಲಕ್ಕೆ ಸೋರುವುದಿಲ್ಲ, ಆದ್ದರಿಂದ ಆರ್‌ಸಿಸಿಬಿಯೂ ಬೀಳುವುದಿಲ್ಲ. ಎಚ್ಚರಿಸುವುದು ನಿಮ್ಮ ಮೂಗು ಮತ್ತು ಕೈ ಮಾತ್ರ.

ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಹೊರತೆಗೆಯಿರಿ. ಪ್ಲಗ್‌ನ ಪ್ಲಾಸ್ಟಿಕ್ ಮೈ ಬೆಚ್ಚಗಿದ್ದರೆ ಸಹಜ. ಹಿಡಿದಿರಲಾಗದಷ್ಟು ಬಿಸಿಯಾಗಿದ್ದರೆ, ಪಿನ್ನುಗಳಲ್ಲಿ ಒಂದು ಮಾತ್ರ ನೀಲಿಗಪ್ಪಾಗಿದ್ದರೆ, ಸಾಕೆಟ್ಟಿನ ಒಂದು ರಂಧ್ರದ ಸುತ್ತ ಕಂದು ಬಣ್ಣದ ಉಂಗುರ ಬಿದ್ದಿದ್ದರೆ ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಹಿಡಿತ ಸಡಿಲವಾಗಿದೆ. ಎರಡು ಪಿನ್ನುಗಳಲ್ಲೂ ಹರಿಯುವುದು ಒಂದೇ ಕರೆಂಟ್. ಒಂದೇ ಸುಟ್ಟಿದೆ ಎಂದರೆ ಲೋಡ್ ಹೆಚ್ಚಾಗಿಲ್ಲ, ಹಿಡಿತ ಕೆಟ್ಟಿದೆ.

ಲೆಕ್ಕ ನೋಡಿ. ಸಂಪರ್ಕದಲ್ಲಿ ಅರ್ಧ ಓಮ್ ತಡೆ ಇದೆ ಎನ್ನೋಣ. ಎರಡು ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ ಎರಡು ವ್ಯಾಟ್. 3000 ವ್ಯಾಟ್‌ನ ಗೀಸರ್ ಎಳೆಯುವ 13 ಆಂಪಿಯರ್ ಹರಿದಾಗ 84 ವ್ಯಾಟ್‌ಗೂ ಹೆಚ್ಚು. ರೇಡಿಯೋ ರಿಪೇರಿಯ ಬೆಸುಗೆ ಕಡ್ಡಿ 25ರಿಂದ 60 ವ್ಯಾಟ್‌ನದು. ಅದಕ್ಕಿಂತ ಬಲವಾದ ಕಡ್ಡಿಯನ್ನು ಗೋಡೆಯೊಳಗೆ ಹಚ್ಚಿಟ್ಟಂತೆ. ಬೇಸಿಗೆಯಿಡೀ ಈ ದೋಷ ಏಕೆ ಕಾಣಲಿಲ್ಲ ಎಂಬುದಕ್ಕೂ ಇದೇ ಉತ್ತರ.

ಸಾಕೆಟ್ಟಿನ ಹಿಂದೆ, ಗೋಡೆಯ ಜಾಯಿಂಟ್‌ಗಳಲ್ಲಿ ಇಂಥದ್ದು ಅಡಗಿದೆಯೇ ಎಂದು ತಿಳಿಯಲು ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ ವೋಲ್ಟ್‌ಮೀಟರ್ ಸಾಕು. ಹೀಟರ್ ಇರುವ ಸರ್ಕ್ಯೂಟಿನ ಇನ್ನೊಂದು ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿ, ಹೀಟರ್ ಹಾಕಿ ಮತ್ತೆ ನೋಡಿ. ಇದೇ ಪರೀಕ್ಷೆಯನ್ನು ಬೇರೆ ಸರ್ಕ್ಯೂಟಿನ, ಲೋಡ್ ಇಲ್ಲದ ಸಾಕೆಟ್ಟಿನಲ್ಲೂ ಮಾಡಿ. ಎರಡನೆಯದರಲ್ಲಿ ಇಳಿದದ್ದು ಹೊರಗಿನ ಪೂರೈಕೆಯದು. ಮೊದಲನೆಯದರಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಇಳಿಯಿತೋ ಅಷ್ಟು ಆ ಸರ್ಕ್ಯೂಟಿನ ಪಾಲು. 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ ಸುಮಾರು 0.0074 ಓಮ್. ಡಿಬಿಯಿಂದ 15 ಮೀಟರ್ ದೂರ ಎಂದರೆ ಹೋಗಿ ಬರಲು 30 ಮೀಟರ್, 0.22 ಓಮ್, 8.7 ಆಂಪಿಯರ್‌ಗೆ ಎರಡು ವೋಲ್ಟ್‌ಗಿಂತ ತುಸು ಕಡಿಮೆ ಇಳಿಯಬೇಕು. ಹತ್ತು ವೋಲ್ಟ್ ಇಳಿಯುತ್ತಿದ್ದರೆ ಹೆಚ್ಚುವರಿ ಎಂಟು ವೋಲ್ಟ್ ಯಾವುದೋ ಜಾಯಿಂಟಿನಲ್ಲಿ ಶಾಖವಾಗಿ ಹೋಗುತ್ತಿದೆ. ಹೀಟರ್ ಸಿಕ್ಕಿಸಿದ ಸಾಕೆಟ್ಟಿನ ಸ್ವಂತ ಹಿಡಿತ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೆ ಕೈಯೇ ಮೀಟರು.

ರಿಪೇರಿಯಲ್ಲಿ ಅವಸರ ಬೇಡ. ಸುಟ್ಟ ಟರ್ಮಿನಲ್ಲಿನ ಸ್ಕ್ರೂ ಬಿಗಿ ಮಾಡಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸದಾಗಿ ಕೂರಿಸಬೇಕು. ಬಿಸಿಗೆ ಒಮ್ಮೆ ಹದಗೆಟ್ಟ ಸ್ಪ್ರಿಂಗ್ ಮತ್ತೆ ಹಿಡಿಯುವುದಿಲ್ಲ, ಸಾಕೆಟ್ ಬದಲಿಸಿ. ಪ್ಲಗ್ಗನ್ನೂ ಜೊತೆಗೇ ಬದಲಿಸಿ. ಹಳೆಯ ಸುಟ್ಟ ಪಿನ್ನು ಹೊಸ ಸಾಕೆಟ್ಟನ್ನು ಕೆಲವೇ ವಾರಗಳಲ್ಲಿ ಹಳೆಯದರಂತೆ ಮಾಡುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡಿಗೆ ಹೀಟರ್ ಹಾಕಲೇಬೇಡಿ. ಸುರುಳಿ ಸುತ್ತಿದ ರೀಲ್ ಆದರೆ ಇನ್ನೂ ಅಪಾಯ: ಸುತ್ತಿದಾಗ ಇಷ್ಟು, ಪೂರ್ತಿ ಬಿಚ್ಚಿದಾಗ ಇಷ್ಟು ಎಂದು ಅದರ ಮೇಲೆ ಎರಡು ವ್ಯಾಟ್ ಮಿತಿಗಳನ್ನು ಬರೆದಿರುತ್ತಾರೆ, ಓದುವವರು ಕಡಿಮೆ.

ಕೆಲವು ದೀಪ ಮಂಕು, ಕೆಲವು ಪ್ರಖರ

ಹೀಟರ್ ಹಾಕಿದಾಗ ಎಲ್ಲ ದೀಪಗಳೂ ತುಸು ಮಂಕಾದರೆ ಪೂರೈಕೆಯ ವೋಲ್ಟೇಜ್ ಇಳಿದಿದೆ. ಚಳಿಗಾಲದ ಸಂಜೆಗಳಲ್ಲಿ ಇದು ಸಾಮಾನ್ಯ. 230ಕ್ಕೆ 2000 ವ್ಯಾಟ್ ಕೊಡುವ ಗೀಸರ್ 200 ವೋಲ್ಟ್‌ನಲ್ಲಿ ಕೊಡುವುದು ಸುಮಾರು 1500 ವ್ಯಾಟ್ ಮಾತ್ರ, ಹಾಗಾಗಿ ನೀರು ತಡವಾಗಿ ಕಾಯುತ್ತದೆ ಎಂದು ಗೀಸರನ್ನು ಬೈಯಬೇಡಿ.

ಆದರೆ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯದು ಎಂದಿಗಿಂತ ಪ್ರಖರವಾಗಿ ಉರಿದರೆ ಒಂದು ಕ್ಷಣವೂ ಕಾಯದೆ ಮೇನ್ ಸ್ವಿಚ್ ಆರಿಸಿ. ಮೂರು ಫೇಸ್ ಇರುವ ಮನೆಯಲ್ಲಿ ಮುಖ್ಯ ನ್ಯೂಟ್ರಲ್ ಸಡಿಲವಾಗಿದೆ. ಕೆಲವು ಸಾಕೆಟ್ಟುಗಳಲ್ಲಿ ವೋಲ್ಟೇಜ್ 400ರತ್ತ ಏರಬಹುದು. ಟಿವಿ, ಫ್ರಿಜ್ ಎಲ್ಲ ಸಾಲಾಗಿ ಸುಟ್ಟುಹೋಗುವುದು ಹೀಗೆಯೇ. ಒಂದೇ ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಕಡಿದರೆ ಎಲ್ಲವೂ ನಿಂತುಹೋಗುತ್ತದೆ, ಆದರೂ ಟೆಸ್ಟರ್ ಸಾಕೆಟ್ಟಿನ ಎರಡೂ ರಂಧ್ರಗಳಲ್ಲಿ ಉರಿಯುತ್ತದೆ. ‘ಕರೆಂಟ್ ಇಲ್ಲ’ ಎಂದುಕೊಂಡು ಕೈ ಹಾಕುವವರಿಗೆ ಹೊಡೆಯುವುದು ಇಲ್ಲಿಯೇ.

ಗಾಳಿ ಬೀಸಿದಾಗ, ಅಥವಾ ಚಳಿ ತೀರಾ ಏರಿದ ಹೊತ್ತಿನಲ್ಲಿ ಇಡೀ ಮನೆ ಮಿಣುಕುತ್ತಿದ್ದರೆ ಕಂಬದಿಂದ ಬರುವ ತಂತಿಯ ಜಾಯಿಂಟ್ ನೋಡಿಸಿ. 30 ಮೀಟರಿನ ಅಲ್ಯೂಮಿನಿಯಂ ತಂತಿ 25 ಡಿಗ್ರಿ ತಣಿದರೆ ಸುಮಾರು 17 ಮಿಲಿಮೀಟರ್ ಕುಗ್ಗುತ್ತದೆ. ಮೊದಲೇ ಬಿಗಿಯಾಗಿ ಎಳೆದು ಕಟ್ಟಿದ್ದರೆ ಆ ಎಳೆತವೆಲ್ಲ ಕ್ಲ್ಯಾಂಪಿನ ಮೇಲೆ. ಮೀಟರಿನ ಆಚೆಗಿನ ಆ ಭಾಗ ವಿದ್ಯುತ್ ಕಂಪನಿಯದು, ದೂರು ಕೊಡುವುದಷ್ಟೇ ನಮ್ಮ ಕೆಲಸ.

ಮುಟ್ಟಿದರೆ ಹೊಡೆಯುತ್ತದೆ

ಒಣ ಚಳಿಯಲ್ಲಿ ಬಾಗಿಲ ಹಿಡಿ ಮುಟ್ಟಿದಾಗ ಚಟ್ಟೆಂದು ಒಮ್ಮೆ ಹೊಡೆದು, ಮರುಕ್ಷಣ ಮುಟ್ಟಿದರೆ ಏನೂ ಇಲ್ಲವಾದರೆ ಅದು ಉಣ್ಣೆ ಬಟ್ಟೆ, ಕಂಬಳಿಗಳ ಸ್ಥಿರ ವಿದ್ಯುತ್ತು. ಮನೆಯ ವೈರಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ನಲ್ಲಿಯನ್ನೋ ಗೀಸರಿನ ಮೈಯನ್ನೋ ಮುಟ್ಟಿದಷ್ಟು ಹೊತ್ತೂ ಜುಮ್ಮೆನ್ನುತ್ತಿದ್ದರೆ, ಬರಿಗಾಲಲ್ಲಿ ಇನ್ನೂ ಹೆಚ್ಚಾದರೆ ಅದು ಸೋರಿಕೆ. ಎಂಸಿಬಿ ಇಳಿಸಿ, ಸರಿಪಡಿಸುವವರೆಗೆ ಆ ಬಚ್ಚಲು ಬಳಸಬೇಡಿ. ಇಷ್ಟಾದರೂ ಆರ್‌ಸಿಸಿಬಿ ಬಿದ್ದಿಲ್ಲ ಎಂದರೆ ಮನೆಯಲ್ಲಿ ಅದು ಇಲ್ಲ, ಅಥವಾ ಕೆಟ್ಟಿದೆ, ಅಥವಾ ಅರ್ಥಿಂಗ್ ತಂತಿ ಎಲ್ಲೋ ಕಡಿದು ಸೋರಿದ ಕರೆಂಟಿಗೆ ನೆಲಕ್ಕಿಳಿಯುವ ದಾರಿಯೇ ಇಲ್ಲ. ನೆಲ ಒಣಗಿದಾಗ, ಹೆಪ್ಪುಗಟ್ಟಿದಾಗ ಅರ್ಥಿಂಗ್‌ನ ತಡೆ ಏರುವುದೂ ಉಂಟು. ಟೆಸ್ಟ್ ಗುಂಡಿ ಒತ್ತಿದಾಗ ಆರ್‌ಸಿಸಿಬಿ ಬೀಳದಿದ್ದರೆ ಅದನ್ನು ಬದಲಿಸದೆ ವಿಧಿಯಿಲ್ಲ.

ಇನ್ವರ್ಟರ್ ಬೇಗ ಕೈಕೊಟ್ಟರೆ

ಸೀಸ-ಆಮ್ಲ ಬ್ಯಾಟರಿ ಸೊನ್ನೆ ಡಿಗ್ರಿಯ ಹೊತ್ತಿಗೆ ತನ್ನ ಸಾಮರ್ಥ್ಯದಲ್ಲಿ ಸುಮಾರು ಶೇಕಡ 20ರಷ್ಟು ಕಳೆದುಕೊಳ್ಳುತ್ತದೆ, ಬೆಚ್ಚಗಾದರೆ ಅದು ವಾಪಸು ಬರುತ್ತದೆ. ಆದ್ದರಿಂದ ತುಸು ಕಡಿಮೆ ಹೊತ್ತು ಬಂದರೆ ದೋಷವಲ್ಲ, ಅರ್ಧಕ್ಕಿಳಿದರೆ ದೋಷ. ಡಿಸ್ಟಿಲ್ಡ್ ವಾಟರ್ ಮಟ್ಟ, ಟರ್ಮಿನಲ್ ಮೇಲಿನ ಬಿಳಿಪುಡಿ, ಪ್ರತಿ ಕೋಶದ ಹೈಡ್ರೋಮೀಟರ್ (ದ್ರವದ ಸಾಂದ್ರತೆಯ) ಅಳತೆ ನೋಡಿ. ಆರರಲ್ಲಿ ಒಂದೇ ಕೋಶ ಹಿಂದೆ ಬಿದ್ದಿದ್ದರೆ ಬ್ಯಾಟರಿಯ ಆಯಸ್ಸು ಮುಗಿದಿದೆ. ಎಲ್ಲವೂ ಒಂದೇ ಸಮ ಕಡಿಮೆಯಿದ್ದರೆ ಚಾರ್ಜ್ ಸಾಲುತ್ತಿಲ್ಲ: ಚಳಿಯಲ್ಲಿ ಚಾರ್ಜಿಂಗ್ ವೋಲ್ಟೇಜ್ ತುಸು ಹೆಚ್ಚಿರಬೇಕು, ಉಷ್ಣಾಂಶ ಗಮನಿಸದ ಇನ್ವರ್ಟರ್ ಅದನ್ನು ಕೊಡುವುದಿಲ್ಲ. ಹಿಮ ಬೀಳುವ ಕಡೆ ಬ್ಯಾಟರಿಯನ್ನು ಖಾಲಿ ಬಿಡಬೇಡಿ. ಪೂರ್ತಿ ಇಳಿದದ್ದರ ದ್ರವ ಬಹುಪಾಲು ನೀರೇ, ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಪೆಟ್ಟಿಗೆ ಸೀಳುತ್ತದೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಬೆಚ್ಚಗಿರಲೆಂದು ಬ್ಯಾಟರಿ ಕೋಣೆಯ ಕಿಟಕಿ ಮುಚ್ಚಿಬಿಡುವುದೂ ಬೇಡ, ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ದೋಷವೆಂದು ಕಾಣುವ, ದೋಷವಲ್ಲದ ಕೆಲವು

ಹಳೆಯ ಟ್ಯೂಬ್‌ಲೈಟ್ ಹೊತ್ತಿಕೊಳ್ಳಲು ತಡಮಾಡುವುದು ಚಳಿಯ ಸಹಜ ಪರಿಣಾಮ. ತೀರಾ ತಣ್ಣನೆಯ ಕೋಣೆಯಲ್ಲಿಟ್ಟ ಫ್ರಿಜ್‌ನ ಕಂಪ್ರೆಸರ್ ಓಡದೆ ಫ್ರೀಜರಿನ ಮಂಜು ಕರಗಿದರೆ, ಅದರ ಥರ್ಮೋಸ್ಟಾಟ್ ಒಳಗೆ ಸಾಕಷ್ಟು ತಂಪಿದೆ ಎಂದುಕೊಂಡಿದೆ, ಅಷ್ಟೇ. ಗೀಸರಿನ ದೀಪವೇ ಹೊತ್ತುತ್ತಿಲ್ಲ, ಸಾಕೆಟ್ಟಿನಲ್ಲಿ ಕರೆಂಟ್ ಇದೆ ಎಂದರೆ ಅದರ ಕಟೌಟ್, ಅಂದರೆ ಬಿಸಿ ಮಿತಿ ಮೀರಿದಾಗ ಕರೆಂಟ್ ಕಡಿಯುವ ಗುಂಡಿ, ಜಿಗಿದಿರಬಹುದು. ಒಮ್ಮೆ ಒತ್ತಿ ಕೂರಿಸಬಹುದು, ಮತ್ತೆ ಜಿಗಿದರೆ ಥರ್ಮೋಸ್ಟಾಟ್ ಕೆಟ್ಟಿದೆ.

ರಿಪೇರಿ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಹೊರಡುವ ಮೊದಲು ಗೀಸರನ್ನೂ ಹೀಟರನ್ನೂ ಅವುಗಳ ಸರ್ಕ್ಯೂಟಿನಲ್ಲಿ ಒಂದು ಗಂಟೆ ಓಡಿಸಿ. ಆಮೇಲೆ ಪ್ಲಗ್ ಮುಟ್ಟಿ ನೋಡಿ, ವೋಲ್ಟೇಜ್ ಎಷ್ಟಿಳಿಯಿತು ಎಂದು ಇನ್ನೊಮ್ಮೆ ಅಳೆಯಿರಿ, ಆ ಅಂಕಿಯನ್ನು ತಾರೀಖಿನೊಂದಿಗೆ ಚೀಟಿಯಲ್ಲಿ ಬರೆದು ಡಿಬಿಯ ಬಾಗಿಲಿನ ಒಳಮೈಗೆ ಅಂಟಿಸಿ. ಮುಂದಿನ ಚಳಿಗಾಲದಲ್ಲಿ ಅದೇ ಪರೀಕ್ಷೆ ಮಾಡಿದಾಗ ಇಳಿತ ಎರಡರಿಂದ ನಾಲ್ಕು ವೋಲ್ಟ್‌ಗೆ ಏರಿದ್ದರೆ, ವಾಸನೆ ಬರುವವರೆಗೆ ಕಾಯದೆ ಆ ಸರ್ಕ್ಯೂಟಿನ ಸ್ಕ್ರೂಗಳನ್ನು ನೋಡಿಸಬಹುದು.